ಒತ್ತಿದರೆ ಎಲ್ಲಿಗೆ?

ಇ-ಮೇಲ್ ಸಹಿಯ ಕೆಳಗೆ ಚಿತ್ರ ಕೂರಿಸುವುದು ಕಷ್ಟದ ಕೆಲಸವಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನ ಸಿಗ್ನೇಚರ್ ಡಬ್ಬಿಯಲ್ಲಿ ಚಿತ್ರ ಇಳಿಸಿ, ಅದನ್ನು ಆಯ್ದುಕೊಂಡು, ಲಿಂಕಿನ ಗುರುತು ಒತ್ತಿ ವಿಳಾಸ ತುಂಬಿ, ಪುಟದ ತಳಕ್ಕಿಳಿದು ಸೇವ್ ಮಾಡಿದರೆ ಆಯಿತು. ಕಷ್ಟವೆಲ್ಲ ಇರುವುದು 'ವಿಳಾಸ ತುಂಬಿ' ಎಂಬಲ್ಲಿ. ಒತ್ತಿದವರನ್ನು ಎಲ್ಲಿಗೆ ಕಳಿಸುವುದು?

ನಾಲತವಾಡದ ನಮ್ಮ ಕಾಕಾ ಸಿಕ್ಕಿಬಿದ್ದದ್ದೂ ಅಲ್ಲೇ. ಅವರದು ಬೀಜ-ಗೊಬ್ಬರದ ಅಂಗಡಿ. ಕಂಪನಿಗಳಿಂದ ಬರುವ ಮೇಲ್‌ಗಳ ಕೆಳಗೆಲ್ಲ ಬಣ್ಣದ ಲೋಗೊ, ಇವರ ಮೇಲ್ ಕೆಳಗೆ ಬರೀ ಹೆಸರು. "ಹಣಿಮ್ಯಾಲ ವಿಭೂತಿ ಇಲ್ಲದಂಗ ಕಾಣ್ತೈತಲೇ ತಮ್ಮಾ" ಎಂದು ನನ್ನನ್ನು ಕರೆಸಿದರು.

"ಯಾವ ಫೋಟೊ ಹಾಕಲ್ರೀ ಕಾಕಾ?"

"ವೀರೇಶ್ವರ ಶರಣರದು ಹಾಕು. ಊರಿಗೆ ದೊಡ್ಡವರು."

"ಮಂದಿ ಮೇಲ್ ಡಿಲೀಟ್ ಮಾಡಿದ್ರ ಶರಣರೂ ಕಸದ ಬುಟ್ಟಿಗಿ ಹೋಗ್ತಾರಲ್ರೀ."

ಕಾಕಾ ಗಲ್ಲ ಬಡಿದುಕೊಂಡರು. "ಹಂಗಾರ ನಂದ ಹಾಕು. ನಾ ಹೋದ್ರ ನಡೀತೈತಿ."

ಪಟಗಾ ಸುತ್ತಿದ ಒಳ್ಳೆಯ ಫೋಟೊ ಇದ್ದದ್ದು ಒಂದೇ, ಅದೂ ಯಾರದೋ ಮದುವೆಯದು. ಪಕ್ಕದವರನ್ನು ಎಷ್ಟು ಕತ್ತರಿಸಿದರೂ ಕಾಕಾನ ಹೆಗಲ ಮೇಲೆ ಒಂದು ಕೈ ಉಳಿದೇ ಉಳಿಯಿತು. ಇರಲಿ ಬಿಡು, ಎಂದರು. ಒತ್ತಿದರೆ ಎಲ್ಲಿಗೆ ಹೋಗಬೇಕೆಂದು ಕೇಳಿದ್ದಕ್ಕೆ ಸಿಟ್ಟೇ ಬಂತು: "ನನ್ನ ಒತ್ತಿದ್ರ ನನ್ನ ಕಡೇನ ಬರಬೇಕು, ಮತ್ತೆಲ್ಲಿಗಿ ಹೋಗ್ತೈತಿ?" ವೆಬ್‌ಸೈಟ್ ಇಲ್ಲ. ಫೋನ್ ನಂಬರಿಗೆ ಜೋಡಿಸಲೇ ಎಂದರೆ, ಬ್ಯಾಡ, ಸಾಲ ಕೊಟ್ಟಾವ್ರೂ ಒತ್ತತಾರ.

ಹಾಗೆ ನೋಡಿದರೆ ಸಹಿಯಲ್ಲೇ ದಾರಿ ತೋರುವುದು ನಮ್ಮ ಸೀಮೆಗೆ ಹೊಸ ವಿದ್ಯೆಯೇನಲ್ಲ. ಬಾಗೇವಾಡಿಯ ಬಸವಣ್ಣನವರು ವಚನದ ಕೊನೆಗೆ ಅಂಕಿತವಾಗಿ ತಮ್ಮ ಹೆಸರು ಹಾಕದೆ ಕೂಡಲಸಂಗಮದೇವ ಎಂದರು. ಅದರ ಬೆನ್ನು ಹತ್ತಿದವರು ಇವತ್ತಿಗೂ ಕೃಷ್ಣೆ-ಮಲಪ್ರಭೆ ಕೂಡುವಲ್ಲಿಗೇ ಹೋಗಿ ಮುಟ್ಟುತ್ತಾರೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಏರಿ ಬಂದಾಗಲೂ ಐಕ್ಯಲಿಂಗದ ಸುತ್ತ ಎತ್ತರದ ಗೋಡೆ ಕಟ್ಟಿ, ಒಳಗಿಳಿಯಲು ಮೆಟ್ಟಿಲು ಮಾಡಿ ಉಳಿಸಿಕೊಂಡಿದ್ದಾರೆ. ಲಿಂಕ್ ಕೆಡದಂತೆ ನೋಡಿಕೊಳ್ಳುವುದೆಂದರೆ ಅದು. ಮುದನೂರಿನ ದಾಸಿಮಯ್ಯ ರಾಮನಾಥ ಎಂದ, ಅಲ್ಲಮ ಗುಹೇಶ್ವರ ಎಂದ. ಅಂಕಿತ ಮುಟ್ಟುವುದು ಹುಡುಗಾಟವೂ ಅಲ್ಲ: ಬಸವಣ್ಣನವರ ಅಂಕಿತವನ್ನು ಲಿಂಗದೇವ ಎಂದು ತಿದ್ದಿದ 'ಬಸವ ವಚನ ದೀಪ್ತಿ'ಗೆ ಸರ್ಕಾರ 1998ರಲ್ಲಿ ಹಾಕಿದ ನಿಷೇಧವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿಯಿತು. ಅಂಬಿಗರ ಚೌಡಯ್ಯನದು ಬೇರೆ ದಾರಿ, ಆತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಆ ಒಂದು ವಿಷಯದಲ್ಲಿ ಮಾತ್ರ ನಮ್ಮ ಕಾಕಾ ಚೌಡಯ್ಯನ ಪರಂಪರೆಯವರು.

ಕೊನೆಗೆ ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಜಾಗ ಗುರುತಿಸಿ, ಅದನ್ನೇ ಫೋಟೊಕ್ಕೆ ಜೋಡಿಸಿದೆ. ಕಾಕಾ ತಮ್ಮ ಅಂಗಡಿಯಲ್ಲೇ ಕೂತು ತಮ್ಮ ಮುಖ ಒತ್ತಿ, ತಮ್ಮ ಅಂಗಡಿಗೆ ದಾರಿ ನೋಡಿ ಸಂತೋಷಪಟ್ಟರು.

1995ರಲ್ಲಿ ಇಂಟರ್ನೆಟ್ ಶಿಷ್ಟಾಚಾರ ಬರೆದಿಟ್ಟವರು ಸಹಿ ನಾಲ್ಕು ಸಾಲಿನೊಳಗಿದ್ದರೆ ಚೆಂದ ಎಂದಿದ್ದರು. ಆಗ ಎಷ್ಟೋ ಮಂದಿ ನಿಮಿಷದ ಲೆಕ್ಕದಲ್ಲಿ ದುಡ್ಡು ತೆರುತ್ತಿದ್ದರು, ಮೇಲ್ ಉದ್ದವಾದಷ್ಟೂ ಓದುವವನ ಜೇಬಿಗೆ ಭಾರ. ಕಾಕಾನದೋ "ಸರ್, ಆಯಿತು" ಎಂಬ ಒಂದೇ ಸಾಲು, ಅದರ ಕೆಳಗೆ ಅಂಗೈಯಗಲದ ಪಟಗಾ. ಉತ್ತರಕ್ಕೆ ಉತ್ತರ ಬೆಳೆದಂತೆ ಒಂದರ ಕೆಳಗೊಂದು ಕಾಕಾಗಳ ಸಾಲು. ಕೆಲವು ಆಫೀಸುಗಳ ಕಂಪ್ಯೂಟರ್ ಚಿತ್ರ ತಡೆದು ಖಾಲಿ ಚೌಕ ತೋರಿಸುತ್ತದೆ. ಕೆಲವು ಕಡೆ ಸಹಿಯ ಚಿತ್ರ ಅಟ್ಯಾಚ್‌ಮೆಂಟ್ ಆಗಿ ಬೀಳುತ್ತದೆ, ಪಿನ್ನಿನ ಗುರುತು ಕಂಡವರು ಏನೋ ಕಾಗದಪತ್ರ ಬಂದಿದೆ ಎಂದುಕೊಳ್ಳುತ್ತಾರೆ.

ಒಂದು ಬ್ಯಾಂಕಿನಲ್ಲಿ ಹಾಗೇ ಆಯಿತು. ಪಾಸ್‌ಬುಕ್ ಬಗ್ಗೆ ಕಾಕಾ ಕೇಳಿದ್ದಕ್ಕೆ ಬಂದ ಉತ್ತರ ಹೀಗಿತ್ತು: 'ತಾವು ಲಗತ್ತಿಸಿದ ದಾಖಲೆಯಲ್ಲಿ ಎರಡನೆಯ ವ್ಯಕ್ತಿಯ ಕೈ ಮಾತ್ರ ಕಾಣುತ್ತಿದೆ. ಖಾತೆ ಜಂಟಿಯಾಗಿದ್ದಲ್ಲಿ ಇಬ್ಬರ ಪೂರ್ಣ ಭಾವಚಿತ್ರ ಕಳಿಸುವುದು.'

ಕಾಕಾ ಎರಡು ಸಲ ಓದಿಸಿಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಲೇ, ಆ ಕೈ ನಮ್ಮ ಬೀಗರದು. ಅಕೌಂಟಿನ್ಯಾಗ ಪಾಲು ಐತಿ ಅಂತ ಅವರಿಗಿ ಗೊತ್ತಾದ್ರ ನಾಳೆ ಮುಂಜಾನೆ ಮ್ಯಾಪ್ ಹಿಡಕೊಂಡು ಅಂಗಡಿಗೇ ಬರ್ತಾರ. ಮೊದ್ಲ ಅದನ್ನ ತಗಿ."