ಊರಿಗೆ ಹೋದ ಮೇಲೆ

ಅಂಧೇರಿಯ ನಮ್ಮ ಕನ್ನಡದಲ್ಲಿ ಭವಿಷ್ಯತ್ಕಾಲಕ್ಕೆ ಇರುವುದು ಒಂದೇ ಪ್ರತ್ಯಯ: ‘ಊರಿಗೆ ಹೋದ ಮೇಲೆ’. ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದು? ಊರಿಗೆ ಹೋದ ಮೇಲೆ. ಬೆಳಗಾಗುವವರೆಗೆ ಕೂತು ಯಕ್ಷಗಾನ ನೋಡುವುದು? ಊರಿಗೆ ಹೋದ ಮೇಲೆ. ನಮ್ಮ ಮನೆಯವರು ಮದುವೆಯ ಹೊಸತರಲ್ಲಿ ‘ಇನ್ನು ಐದೇ ವರ್ಷ’ ಎಂದಿದ್ದರು. ಆಗ ಊರಿಗೆ ಬಸ್ಸೇ ಗತಿ, ಇಳಿಯುವಾಗ ಮೈಕೈ ನುಗ್ಗುನುರಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಯಿತು. ‘ಊರು ಹತ್ತಿರವೇ ಆಯ್ತಲ್ಲ, ಇನ್ನು ಅವಸರ ಎಂತದು?’ ಎಂದರು.

ಮುಂಬಯಿಯಲ್ಲಿ ಹಗಲುಗನಸಿಗೂ ಸೀಟು ಬೇಕು. ಅಂಧೇರಿಯವರ ಪುಣ್ಯ, ಇಲ್ಲಿಂದಲೇ ಹೊರಡುವ ಚರ್ಚ್‌ಗೇಟ್ ಸ್ಲೋ ಲೋಕಲ್ ಇದೆ. ಫಾಸ್ಟಿನ ಬಾಗಿಲಲ್ಲಿ ನೇತಾಡುವವನಿಗೆ ಕನಸು ಬೀಳಬಾರದು, ಬಿದ್ದರೆ ಅವನೂ ಬೀಳುತ್ತಾನೆ. ಸ್ಲೋದಲ್ಲಾದರೆ ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ಅಂಟಿಕೊಂಡರೂ ಸಾಕು. ಈ ಚೌಥಿ ಸೀಟಿನಲ್ಲಿ ಅರ್ಧ ಮೈಗೆ ಜಾಗ, ಪೂರ್ತಿ ಕನಸು. ನಮ್ಮವರು ಪಾರ್ಲೆ ದಾಟುವಷ್ಟರಲ್ಲಿ ತೋಟ ಕೊಂಡು, ಬಾಂದ್ರಾದಲ್ಲಿ ಬಾವಿ ತೋಡಿಸಿ, ದಾದರಿನಲ್ಲಿ ಅಡಿಕೆ ಸುಲಿಸುತ್ತಿದ್ದರು. 2016ರವರೆಗೆ ಪಾರ್ಲೆಯ ಬಿಸ್ಕತ್ ಕಾರ್ಖಾನೆ ನಡೆಯುತ್ತಿತ್ತಲ್ಲ, ಆ ಘಮಘಮ ಗಾಡಿಯೊಳಗೂ ನುಗ್ಗುತ್ತಿತ್ತು. ಅವರ ತೋಟದ ಹಲಸಿನ ಹಣ್ಣೂ ಗ್ಲೂಕೋಸ್ ಬಿಸ್ಕತ್ತಿನ ವಾಸನೆ ಹೊಡೆಯುತ್ತಿತ್ತಂತೆ!

ನನ್ನ ಕನಸು ಕೇಳುತ್ತೀರಾ? ಲೇಡೀಸ್ ಡಬ್ಬಿಯಲ್ಲಿ ಮೆಂತ್ಯೆಸೊಪ್ಪು ಬಿಡಿಸುವವಳಿಗೆ ಕನಸು ಕಾಣಲು ಕೈ ಬಿಡುವಾಗಬೇಕಲ್ಲ.

ನಮ್ಮ ಬಿಲ್ಡಿಂಗಿಗೂ ಒಂದು ಕನಸಿದೆ. ಅದರ ಹೆಸರು ರೀಡೆವಲಪ್‌ಮೆಂಟ್. ಬಿಲ್ಡರ್ ಕೊಡಲಿರುವ ಹೆಚ್ಚಿನ ಕಾರ್ಪೆಟ್ ಏರಿಯಾದಲ್ಲಿ ಎಲ್ಲರೂ ಸೊಸೈಟಿ ಮೀಟಿಂಗಿನಲ್ಲಿ ಕೂತಲ್ಲೇ ಸೋಫಾ ಹಾಕಿ ಆಗಿದೆ, ಇಬ್ಬರು ಅದರ ಬಣ್ಣಕ್ಕೆ ಜಗಳವನ್ನೂ ಆಡಿದ್ದಾರೆ. ಬಿಲ್ಡರ್ ಒಬ್ಬ ಬರಲಿಕ್ಕೆ ಬಾಕಿ.

ಇಂಜಿನಿಯರುಗಳು ಕೂತು ಲೆಕ್ಕ ಹಾಕಿದ ಭವಿಷ್ಯವಾದರೂ ನೆಟ್ಟಗಿರುತ್ತದಾ ಎಂದರೆ, ನಮ್ಮ ಗೋಖಲೆ ಸೇತುವೆ ನೋಡಿ. 2018ರ ಜುಲೈಯಲ್ಲಿ ಅದರ ಒಂದು ಭಾಗ ಹಳಿಯ ಮೇಲೆ ಕುಸಿಯಿತು, 2022ರ ನವೆಂಬರಿನಲ್ಲಿ ಸೇತುವೆಯನ್ನೇ ಮುಚ್ಚಿದರು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದೆಂದರೆ ಕಾಶಿಯಾತ್ರೆ. 2024ರ ಫೆಬ್ರವರಿಯಲ್ಲಿ ಹೊಸ ಸೇತುವೆಯ ಒಂದು ಬದಿ ತೆರೆಯಿತು. ಹೋಗಿ ನೋಡಿದರೆ, ಪಕ್ಕದ ಬರ್ಫಿವಾಲಾ ಫ್ಲೈಓವರಿಗೂ ಇದಕ್ಕೂ ನಡುವೆ ಆಳೆತ್ತರದ ಅಂತರ! ಜಾತಕ ಕೂಡಿಬಂದು ಮಂಟಪದಲ್ಲಿ ನಿಲ್ಲಿಸಿದ ಮೇಲೆ ಗಂಡು ಕುಳ್ಳ ಎಂದು ತಿಳಿದ ಹಾಗೆ. ಕೊನೆಗೆ ಬರ್ಫಿವಾಲಾವನ್ನೇ ಜಾಕ್ ಇಟ್ಟು ಎತ್ತಿ ಜೋಡಿಸಿದರು. ನಮ್ಮವರಿಗೆ ಆ ಸುದ್ದಿ ಓದಿ ಎಂಥಾ ಸಮಾಧಾನ ಅಂತೀರಿ! ‘ನೋಡು, ಮೊದಲು ಕಟ್ಟಬೇಕು. ತಾಗದಿದ್ದರೆ ಆಮೇಲೆ ಎತ್ತಿದರಾಯಿತು.’

ಅದೇ ಹುರುಪಿನಲ್ಲಿ ಮೊನ್ನೆ ಮದುವೆ ಕಾಗದವೊಂದರ ಹಿಂದೆ ಊರಿನ ಮನೆಯ ನಕ್ಷೆ ಬರೆದರು. ನಲವತ್ತು ಸೆಂಟ್ಸ್ ಜಾಗದ ನಡುವೆ ಹತ್ತಕ್ಕೆ ಹನ್ನೆರಡರ ಹಾಲು, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕಾದ ಅಡುಗೆಮನೆ, ಅದರ ಮೇಲೆ ಪಾತ್ರೆ ತುರುಕಲು ಮಾಳ, ಕಿಟಕಿಗಳಿಗೆಲ್ಲ ಹೊರಚಾಚಿದ ಗ್ರಿಲ್ಲು. ನಾವೀಗ ಕೂತಿರುವ ಫ್ಲ್ಯಾಟೇ, ಲಿಫ್ಟ್ ಒಂದು ಬಿಟ್ಟು.

‘ಇದು ಎಂತದು ಮಾರಾಯ್ರೆ, ಬಟ್ಟೆ ಒಣಗಿಸಲಿಕ್ಕೆ ಅಷ್ಟು ದೊಡ್ಡ ಅಂಗಳ ಇರುವಾಗ ಗ್ರಿಲ್ಲು ಯಾಕೆ?’

‘ಬಟ್ಟೆಗಲ್ಲ ಮಾರಾಯ್ತಿ, ನೆಟ್ ಕಟ್ಟಲಿಕ್ಕೆ. ಪಾರಿವಾಳ ಬರುವುದಿಲ್ಲವಾ?’

‘ಊರಲ್ಲಿ ಎಲ್ಲಿಯ ಪಾರಿವಾಳ? ಈಗ ಅಲ್ಲಿ ನವಿಲಿನ ಕಾಟವಂತೆ.’

ಅವರು ಸ್ವಲ್ಪ ಹೊತ್ತು ಯೋಚಿಸಿ, ಪೆನ್ಸಿಲ್ ತೆಗೆದುಕೊಂಡು ಗ್ರಿಲ್ಲನ್ನು ಒಂದು ಅಡಿ ಎತ್ತರಿಸಿದರು.