ಅರ್ಜಿ ಮಾಸ್ತರು

ಬೆಳಗಾವಿಯ ಕೋಟೆ ಕೆರೆಯ ಸುತ್ತ ಬೆಳಿಗ್ಗೆ ಕೈಬೀಸಿ ನಡೆಯುವವರು ನೂರಾರು ಜನ. ಕಂಕುಳಲ್ಲಿ ಫೈಲು ಇಟ್ಟುಕೊಂಡು ನಡೆಯುವವರು ಒಬ್ಬರೇ, ನಮ್ಮ ಅರ್ಜಿ ಮಾಸ್ತರು. ಖಾನಾಪುರ ತಾಲೂಕಿನ ಕಾಡಂಚಿನ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ತಾಲೂಕು, ಜಿಲ್ಲೆ, ರಾಜ್ಯ ಪ್ರಶಸ್ತಿ ಎಂದು ಅರ್ಜಿ ಹಾಕುತ್ತ ಹಾಕುತ್ತ ಈಗ ಪ್ಯಾರಿಸ್ಸಿಗೆ ಬಂದು ನಿಂತಿದ್ದಾರೆ.

"ಈ ಸಲ ತಪ್ಪೂದಿಲ್ಲ ನೋಡ್ರಿ," ಎಂದರು ಮೊನ್ನೆ. "1996ರಾಗ ಕಳಿಂಗ ಪ್ರಶಸ್ತಿ ಯಾರಿಗೆ ಬಂತು? ಕೊಲ್ಲಾಪುರದಾಗ ಹುಟ್ಟಿದ ಜಯಂತ ನಾರ್ಳೀಕರ್‌ಗ. 2020ರಾಗ ಗ್ಲೋಬಲ್ ಟೀಚರ್ ಪ್ರೈಜ್, ಹತ್ತು ಲಕ್ಷ ಡಾಲರ್! ಸೊಲ್ಲಾಪುರ ಜಿಲ್ಲಾದ ಡಿಸಲೆ ಮಾಸ್ತರಗ. 2025ರಾಗ ಇಂಟರ್‌ನ್ಯಾಷನಲ್ ಬುಕರ್, ಹಾಸನದ ಬಾನು ಮುಷ್ತಾಕರಿಗೆ. ಮೂರೂ ಕಡೆಯಿಂದ ಮುತ್ತಿಗಿ ಬಿದ್ದೈತಿ. ಇನ್ನ ಉಳದದ್ದು ಬೆಳಗಾವಿ ಕೋಟಿ ಒಂದ!"

ಡಿಸಲೆಯವರು ತಮ್ಮ ಬಹುಮಾನದ ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರಲ್ಲ ಎಂದೆ. ಮುಂದಿನ ಅರ್ಧ ಸುತ್ತು ಮಾಸ್ತರು ಮಾತಾಡಲಿಲ್ಲ.

ಈಗ ಅವರ ಕಣ್ಣು ಬಿದ್ದಿರುವುದು ಪ್ಯಾರಿಸ್ಸಿನ ಯುನೆಸ್ಕೋದ ಕಿಂಗ್ ಸೆಜಾಂಗ್ ಸಾಕ್ಷರತಾ ಪ್ರಶಸ್ತಿಯ ಮೇಲೆ. ಜನಸಾಮಾನ್ಯರಿಗೆಂದು ಸುಲಭದ ಅಕ್ಷರ ಮಾಡಿಸಿಕೊಟ್ಟ ಕೊರಿಯಾದ ರಾಜನ ಹೆಸರಿನದು, 1989ರಲ್ಲಿ ಶುರುವಾದದ್ದು. ತೊಡಕೆಂದರೆ, ಅದಕ್ಕೆ ನಮ್ಮ ಹೆಸರನ್ನು ನಾವೇ ಸೂಚಿಸುವಂತಿಲ್ಲ. ಸರ್ಕಾರ ಸೂಚಿಸಬೇಕು, ಇಲ್ಲವೇ ಯುನೆಸ್ಕೋ ಜೊತೆ ಅಧಿಕೃತ ನಂಟಿರುವ ಸಂಸ್ಥೆ ಸೂಚಿಸಬೇಕು.

"ಇದೆಂಥಾ ಕಾನೂನ್ರೀ? ನನ್ನ ಬಗ್ಗೆ ನನ್ನಷ್ಟು ಒಳ್ಳೇದು ಮತ್ತ್ಯಾರು ಹೇಳ್ತಾರ?"

ಅದು ಖರೇ. ಫೈಲು ಬಿಚ್ಚಿದರೆ ತುಂಬ ಸನ್ಮಾನದ ಫೋಟೊ. ಹಾರ ಬೇರೆ, ಊರು ಬೇರೆ, ಹಿಂದಿನ ಬ್ಯಾನರ್ ಬೇರೆ. ಶಾಲು ಮಾತ್ರ ಒಂದೇ. ಅದರ ಅಂಚಿನಲ್ಲಿ ಯಾವ ಕಾಲದ್ದೋ ಕುಂದಾದ ತುಪ್ಪದ ಕಲೆ ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಹಾಜರು. ಸಂಘಟಕರಿಗೆ ಖರ್ಚು ಬೀಳಬಾರದೆಂದು ಶಾಲನ್ನು ಇವರೇ ಒಯ್ಯುತ್ತಾರೆ. ಇದನ್ನು ನಾನು ಆಡಿಕೊಳ್ಳುವುದಿಲ್ಲ. ಹಾರವನ್ನೂ ಒಯ್ಯುವವರನ್ನು ನೋಡಿದ್ದೇನೆ.

ಆದರೆ ಅರ್ಜಿಯಲ್ಲಿ 'ಹೊಸ ಬೋಧನಾ ವಿಧಾನ' ಎಂಬ ಕಲಮಿನ ಮುಂದೆ ಒಂದು ಸಣ್ಣ ಗೆರೆ ಎಳೆದಿದ್ದರು.

ಕೆರೆಯ ಗೇಟಿನ ಬಳಿ ನಿಂತಿದ್ದ ರಿಕ್ಷಾದಿಂದ ಒಬ್ಬ ಯುವಕ ಇಳಿದು ಬಂದು ಮಾಸ್ತರರ ಕಾಲು ಮುಟ್ಟಿದ. "ಗುರ್ತು ಸಿಕ್ಕಿತೇನ್ರಿ ಸರ? ಖಾನಾಪುರ ಕುಂಬಾರರ ಕಡೆಯಿಂದ ಮಣ್ಣು ತಂದು ನಮ್ಮ ಕಡೆ ಅಕ್ಷರ ಮಾಡಸ್ತಿದ್ರಿ. ಮಳಿಗಾಲದಾಗ ಒಣಗವಲ್ಲವು ಅಂತ ಬಿಸಿಊಟದ ಒಲಿ ಮುಂದ ಇಟ್ರ, ನನ್ನ 'ಳ' ಸಿಡದು ಸಾರಿನಾಗ ಬಿತ್ತಲ್ರಿ!"

"ಆ 'ಳ' ನೀನ ಏನೋ!" ಎಂದು ಮಾಸ್ತರು ನಕ್ಕರು. ಪಾಟಿ ಕೊಳ್ಳಲಾಗದ ಮಕ್ಕಳಿಗೆ ಅವರು ಹೂಡಿದ ಉಪಾಯವಂತೆ ಅದು.

"ಇದನ್ನ್ಯಾಕ ಬರೀಲಿಲ್ರಿ ಮಾಸ್ತರ?" ಎಂದೆ.

"ಮಣ್ಣಾಗ ಆಡಿದ್ದಕ್ಕ ಸರ್ಟಿಫಿಕೇಟ್ ಎಲ್ಲೈತ್ರಿ?" ಎಂದವರು ತಟಕ್ಕನೆ ನಿಂತರು. ಹುಡುಗನ ಹೆಗಲ ಮೇಲೆ ಕೈಹಾಕಿ ತುಸು ಆಚೆ ಕರೆದೊಯ್ದು, ದನಿ ಇಳಿಸಿ ಕೇಳಿದರು:

"ತಮ್ಮಾ, ನಿಮ್ಮ ರಿಕ್ಷಾ ಸಂಘಕ್ಕ ಲೆಟರ್‌ಹೆಡ್ ಐತೇನು?"