ನಿಮ್ಮ ಮಗು ಯಾವ ಪೈಕಿ?

ಖಾಸಗಿ ಶಾಲೆಗಳಿಂದ ಸಮಾಜ ಕೆಟ್ಟಿತು, ಸಮಾನತೆ ಮಣ್ಣುಪಾಲಾಯಿತು ಎಂದು ಗೋಳಾಡುವವರು ಬೆಳಗ್ಗೆ ಎಂಟು ಗಂಟೆಗೆ ದೇವನಹಳ್ಳಿ ಬೈಪಾಸಿನಲ್ಲಿ ಬಂದು ನಿಲ್ಲಬೇಕು. ಲಕ್ಷಗಟ್ಟಲೆ ಫೀಸಿನ ಶಾಲೆಯ ಎಸಿ ಬಸ್ಸು, ಸಿಬಿಎಸ್‌ಇ ಶಾಲೆಯ ಹಳದಿ ಬಸ್ಸು, ಸಂದಿಯ ಕಾನ್ವೆಂಟಿನ ಮಕ್ಕಳನ್ನು ತುರುಕಿಕೊಂಡ ಓಮ್ನಿ ವ್ಯಾನು, ಮೂರೂ ಒಂದೇ ಜಲ್ಲಿ ಲಾರಿಯ ಹಿಂದೆ ಒಂದೇ ಧೂಳು ಕುಡಿಯುತ್ತ ನಿಂತಿರುತ್ತವೆ. ಇದಕ್ಕಿಂತ ಸಮಾನತೆ ಇನ್ನೆಷ್ಟು ಬೇಕು?

ನಮ್ಮ ಕಡೆ ಹೊಸಬರು ಸಿಕ್ಕರೆ ಹಿರಿಯರು ಮೊದಲು ಊರು ಕೇಳುತ್ತಿದ್ದರು, ಆಮೇಲೆ ತಂದೆಯ ಹೆಸರು, ಕಾಫಿ ಮುಗಿಯುವ ಹೊತ್ತಿಗೆ ಮೆಲ್ಲಗೆ ‘ನೀವು ಯಾವ ಪೈಕಿ?’ ಈಗ ಹಾಗೆ ಕೇಳಿದರೆ ಅನಾಗರಿಕರೆನಿಸುತ್ತೇವೆ. ‘ಮಗು ಯಾವ ಸ್ಕೂಲು?’ ಎಂದರೆ ಮುಗಿಯಿತು. ಜಮೀನು ಮಾರಿದ್ದೀರೋ, ಇನ್ನೂ ಉಳಿಸಿಕೊಂಡಿದ್ದೀರೋ, ಕಾರಿನ ಕಂತು ಎಷ್ಟು ಬಾಕಿ, ನಿಮ್ಮನ್ನು ಬರ್ತ್‌ಡೇ ಪಾರ್ಟಿಗೆ ಕರೆಯಬಹುದೋ ಬೇಡವೋ, ಎಲ್ಲ ಅದೊಂದೇ ಉತ್ತರದಲ್ಲಿ ಬಂತು. ಎಲ್ಲಕ್ಕಿಂತ ಮೇಲೆ ವಿದೇಶಿ ಬೋರ್ಡಿನವರು, ಈಜುಕೊಳದವರು. ಅವರ ಕೆಳಗೆ ಐಸಿಎಸ್‌ಇ, ಅದರ ಕೆಳಗೆ ಸಿಬಿಎಸ್‌ಇ. ಆಮೇಲೆ ಸ್ಟೇಟ್ ಸಿಲೆಬಸ್ಸಿನ ಇಂಗ್ಲಿಷ್ ಮೀಡಿಯಂ. ಆಮೇಲೆ ಸಿಮೆಂಟ್ ಅಂಗಡಿಯ ಮೇಲಿನ ಬಾಡಿಗೆ ಮಹಡಿಯಲ್ಲಿ ನಡೆಯುವ ಇಂಟರ್‌ನ್ಯಾಷನಲ್ ಸ್ಕೂಲು. ಅದಕ್ಕೂ ಕೆಳಗೆ ಸರ್ಕಾರಿ ಶಾಲೆಯ ಇಂಗ್ಲಿಷ್ ವಿಭಾಗ. ಎಲ್ಲರ ಕಾಲಡಿಯಲ್ಲಿ ಸರ್ಕಾರಿ ಶಾಲೆಯ ಕನ್ನಡ ವಿಭಾಗ. ಮನುವಿಗೆ ನಾಲ್ಕೇ ವರ್ಣ ಸಾಕಾಗಿದ್ದವು, ನಾವು ಮುಂದುವರಿದವರು.

ಬೋರ್ಡಿನಲ್ಲಿ ಇಂಟರ್‌ನ್ಯಾಷನಲ್ ಎಂದು ಬರೆಸಲು ಏನು ಅರ್ಹತೆ ಎಂದು ಕೇಳಬೇಡಿ. ತಲೆ ಎತ್ತಿದರೆ ವಿಮಾನ ಕಾಣಿಸಬೇಕು, ಅಷ್ಟೇ. 2008ರ ಮೇ ತಿಂಗಳಿಂದ ಇಡೀ ತಾಲ್ಲೂಕಿಗೇ ವಿಮಾನ ಕಾಣಿಸುತ್ತಿದೆ. ಜಿಲ್ಲೆಯೂ ಹಿಂದೆ ಬೀಳಲಿಲ್ಲ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ, ಬೆಂಗಳೂರು ಗ್ರಾಮಾಂತರ ಇನ್ನು ಮುಂದೆ ಬೆಂಗಳೂರು ಉತ್ತರ ಎಂದು ತೀರ್ಮಾನಿಸಿತು. ಗ್ರಾಮಾಂತರವೇ ಹೋದ ಮೇಲೆ ಗ್ರಾಮೀಣ ಶಾಲೆಗಳ ಸಮಸ್ಯೆ ಎಲ್ಲಿಂದ ಬರಬೇಕು?

ಈ ವ್ಯವಹಾರದಲ್ಲಿ ದೇಶಕ್ಕೇ ಕಾನೂನಿನ ಪಾಠ ಹೇಳಿದ ಹೆಮ್ಮೆ ಕರ್ನಾಟಕದ್ದು. ನೆಲಮಂಗಲ ದಾಟಿದರೆ ಸಿಗುವ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಕೇಳಿದ ಮೀರತ್‌ನ ಹುಡುಗಿಗೆ ವರ್ಷಕ್ಕೆ 60,000 ರೂಪಾಯಿ ಎಂದರು. 1992ರಲ್ಲಿ ಸುಪ್ರೀಂ ಕೋರ್ಟು ಮೋಹಿನಿ ಜೈನ್ ಪ್ರಕರಣದಲ್ಲಿ ಇದು ಅನ್ಯಾಯ, ಶಿಕ್ಷಣ ಮಾರಾಟದ ಸರಕಲ್ಲ, ಬದುಕುವ ಹಕ್ಕಿನ ಭಾಗ ಎಂದಿತು. ಇವತ್ತು ಏರ್‌ಪೋರ್ಟ್ ರಸ್ತೆಯಲ್ಲಿ ಎಲ್‌ಕೆಜಿಗೆ 60,000 ಎಂದರೆ ಅಪ್ಪಂದಿರು ಅನುಮಾನದಿಂದ ನೋಡುತ್ತಾರೆ: ಇಷ್ಟು ಅಗ್ಗವೆಂದರೆ ಸ್ಕೂಲಿನಲ್ಲಿ ಏನೋ ಐಬಿರಬೇಕು. ಹಣದುಬ್ಬರದ ಲೆಕ್ಕ ಹಾಕಬೇಡವೇ ಎನ್ನುತ್ತೀರಿ. ಹಾಕಿ ಸ್ವಾಮಿ. ಆದರೆ ಅದು ಡಾಕ್ಟರಾಗಲು ಕೇಳಿದ ಹಣ, ಇದು ಮರಳಿನಲ್ಲಿ ಆಡಲು.

2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ. ಹನ್ನೊಂದು ನ್ಯಾಯಮೂರ್ತಿಗಳು ಕೂತು, ಶಿಕ್ಷಣ ಸಂಸ್ಥೆಗಳು ಲಾಭಕೋರತನ ಮಾಡಕೂಡದು, ಕ್ಯಾಪಿಟೇಷನ್ ವಸೂಲಿ ಮಾಡಕೂಡದು, ಸಂಸ್ಥೆಯ ಬೆಳವಣಿಗೆಗೆಂದು ತಕ್ಕಮಟ್ಟಿಗೆ ಹಣ ಮಿಗಿಸಿಕೊಳ್ಳಬಹುದು ಎಂದರು. ಅಂದಿನಿಂದ ನಮ್ಮ ಎಜುಕೇಷನ್ ಟ್ರಸ್ಟುಗಳು ಒಂದು ಪೈಸೆ ಲಾಭ ಮಾಡಿಲ್ಲ. ಸುಮ್ಮನೆ ಮಿಗುತ್ತದೆ, ಏನು ಮಾಡುವುದು? ಮಿಕ್ಕಿದ್ದು ಎರಡನೇ ಬ್ರಾಂಚಾಗುತ್ತದೆ, ಇನ್ನೂ ಮಿಕ್ಕರೆ ಪಿಯು ಕಾಲೇಜಾಗುತ್ತದೆ. ಟ್ರಸ್ಟಿನಲ್ಲಿ ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಬಾವಮೈದ ಖಜಾಂಚಿ. ಸೇವೆಯೆಂದರೆ ಕುಟುಂಬ ಸಮೇತ ಮಾಡುವುದು ನಮ್ಮ ಸಂಸ್ಕೃತಿ.

2014ರ ಮೇ 6 ಇನ್ನೂ ಶುಭದಿನ. ಅಂದು ಸುಪ್ರೀಂ ಕೋರ್ಟಿನ ಒಂದೇ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ, ಮಾತೃಭಾಷೆಯಲ್ಲೇ ಕಲಿಸಿ ಎಂದು ಕರ್ನಾಟಕ ಸರ್ಕಾರ ಖಾಸಗಿ ಶಾಲೆಗಳನ್ನು ಬಲವಂತ ಮಾಡುವಂತಿಲ್ಲ. ಇನ್ನೊಂದರಲ್ಲಿ, ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಒಂದೇ ದಿನ ಕನ್ನಡದ ಕಾಟವೂ ತಪ್ಪಿತು, ಬಡವರ ಕಾಟ ತಪ್ಪಿಸಿಕೊಳ್ಳುವ ದಾರಿಯೂ ತೆರೆಯಿತು. ಅದುವರೆಗೆ ಅಚ್ಚ ಕನ್ನಡಿಗರಾಗಿದ್ದ ಎಷ್ಟೋ ಆಡಳಿತ ಮಂಡಳಿಗಳಿಗೆ ತಮ್ಮ ಅಜ್ಜಿ ಮನೆಯಲ್ಲಿ ತೆಲುಗು ಮಾತಾಡುತ್ತಿದ್ದದ್ದು ತಟ್ಟನೆ ನೆನಪಾಯಿತು. ಭಾಷಾ ಅಲ್ಪಸಂಖ್ಯಾತ ಸರ್ಟಿಫಿಕೇಟಿಗೆ ಅರ್ಜಿಗಳು ಸಾಲುಗಟ್ಟಿದವು. ಅಜ್ಜಿಯ ಭಾಷೆಯ ಮೇಲೆ ಇಷ್ಟು ಪ್ರೀತಿಯಿದ್ದ ಶಾಲೆಗಳು ಆ ಭಾಷೆಯನ್ನೇನಾದರೂ ಕಲಿಸಿದವೇ ಎಂದು ಕೇಳುವುದು ಸಣ್ಣತನ.

ಬಡವರ ಕಾಟವೆಂದರೆ ಅದೇ ಶಿಕ್ಷಣ ಹಕ್ಕು ಕಾಯ್ದೆ, ಆರ್‌ಟಿಇ. 2009ರ ಕಾಯ್ದೆ, ಖಾಸಗಿ ಶಾಲೆಯಲ್ಲಿ ಶೇ 25 ಸೀಟು ನೆರೆಹೊರೆಯ ಬಡ ಮಕ್ಕಳಿಗೆ ಎಂದಿತು. ಫೀಸನ್ನು ಸರ್ಕಾರ ಕಟ್ಟಿತು, ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ ಗರಿಷ್ಠ 16,000 ರೂಪಾಯಿವರೆಗೆ. ಮಕ್ಕಳನ್ನು ಶಾಲೆಗಳು ಹೇಗೆ ಎದೆಗಪ್ಪಿಕೊಂಡವೆಂದರೆ, 2012ರ ಜುಲೈನಲ್ಲಿ ಬೆಂಗಳೂರಿನ ನಂದಿನಿ ಬಡಾವಣೆಯ ಶಾಲೆಯೊಂದರಲ್ಲಿ ಆರ್‌ಟಿಇ ಮಕ್ಕಳು ಗುರುತಿಗೆ ಸಿಗಲೆಂದು ತಲೆಗೂದಲು ಕತ್ತರಿಸಿದರೆಂಬ ಆರೋಪ ರಾಜ್ಯವನ್ನೇ ನಾಚಿಸಿತು. ನಾಚಿಕೆ ಎಷ್ಟು ದಿನ ಇದ್ದೀತು?

2019ರಲ್ಲಿ ಸರ್ಕಾರವೇ ನಿಯಮ ತಿದ್ದಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಹೈಕೋರ್ಟೂ ಸರಿ ಎಂದಿತು. ವರ್ಷಕ್ಕೆ ಲಕ್ಷಕ್ಕೂ ಮೀರಿದ್ದ ಸೀಟುಗಳು ಸಾವಿರಗಳ ಲೆಕ್ಕಕ್ಕೆ ಇಳಿದವು. ನಮ್ಮ ದುಡ್ಡನ್ನೇ ಕೊಟ್ಟು ನಮ್ಮ ಶಾಲೆಯನ್ನೇ ಖಾಲಿ ಮಾಡುತ್ತಿದ್ದೇವೆ ಎಂಬ ಸರ್ಕಾರದ ವಾದದಲ್ಲಿ ಹುರುಳಿತ್ತು. ಹಾಗೆ ಉಳಿದ ಹಣದಲ್ಲಿ ಸರ್ಕಾರಿ ಶಾಲೆಗಳಿಗೆ ಕಾಯಂ ಮೇಷ್ಟ್ರುಗಳು ಬಂದರೆಂದು ನೀವು ತಿಳಿದರೆ ನೀವು ಪುಣ್ಯವಂತರು. ಈಗಲೂ ವರ್ಷ ವರ್ಷ 50 ಸಾವಿರದ ಆಸುಪಾಸು ಅತಿಥಿ ಶಿಕ್ಷಕರನ್ನು ಕರೆದು ತರಗತಿ ನಡೆಸುತ್ತಿದ್ದೇವೆ. ಅತಿಥಿ ಸತ್ಕಾರದಲ್ಲಿ ಕನ್ನಡಿಗರು ಎಂದೂ ಮುಂದು.

ಅಷ್ಟಕ್ಕೂ ಖಾಸಗಿ ಶಾಲೆ ಮಾಡುವ ದೊಡ್ಡ ಹಾನಿ ಫೀಸಿನದಲ್ಲ. ಸೂಲಿಬೆಲೆ ಕಡೆಯದೋ ತೂಬಗೆರೆ ಹೋಬಳಿಯದೋ ಒಂದು ಹಳ್ಳಿ ನೋಡಿ. ಸರ್ಕಾರಿ ಪ್ರಾಥಮಿಕ ಶಾಲೆಯ ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಅಧ್ಯಕ್ಷರಾಗಲು ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ಒಳ್ಳೆಯ ನಿಯಮವೇ. ಆದರೆ ಬಿಇಒಗೆ ಫೋನು ಹಚ್ಚಿ ‘ಏನ್ ಸಾರ್ ನಿಮ್ದು’ ಎಂದು ದಬಾಯಿಸಬಲ್ಲ ಪಂಚಾಯ್ತಿಯ ಮಾಜಿ ಅಧ್ಯಕ್ಷ, ಡೇರಿ ಕಾರ್ಯದರ್ಶಿ, ಸೈಟು ಮಾಡಿ ಮಾರುವವ, ಇವರೆಲ್ಲರ ಮಕ್ಕಳು ವ್ಯಾನು ಹತ್ತಿಯಾಗಿದೆ. ಉಳಿದವರು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುವ ತಾಯಿ, ಕೋಳಿ ಫಾರಂ ಕಾಯುವ ರಾಯಚೂರು ಕಡೆಯ ಗಂಡಹೆಂಡಿರು, ಮಗ್ಗದ ಮನೆಯಲ್ಲಿ ದುಡಿಯುವ ಬಿಹಾರಿ. ತಾಯಿಯೇ ಅಧ್ಯಕ್ಷೆ. ಸಭೆ ಬೆಳಗ್ಗೆ ಹನ್ನೊಂದಕ್ಕೆ. ಆಕೆ ಗಾರ್ಮೆಂಟ್ಸಿನ ಬಸ್ಸು ಹತ್ತಿ ಆಗಲೇ ಮೂರು ತಾಸಾಗಿರುತ್ತದೆ. ಸಂಜೆ ನಡಾವಳಿ ಪುಸ್ತಕ ಮನೆಬಾಗಿಲಿಗೆ ಬರುತ್ತದೆ, ಆಕೆ ಸಹಿ ಹಾಕುತ್ತಾಳೆ. ಶಾಲೆಯ ಹೆಂಚು ಒಡೆದಿದೆ, ಕಕ್ಕಸಿಗೆ ನೀರಿಲ್ಲ ಎಂದು ಆಕೆ ಯಾರಿಗೆ ಹೇಳಬೇಕು? ಹೇಳಿದರೆ ಯಾರು ಕೇಳುತ್ತಾರೆ? ಮಾಜಿ ಅಧ್ಯಕ್ಷನ ಮಗ ಅಲ್ಲೇ ಕೂತಿದ್ದರೆ ಸೋಮವಾರ ಒಡೆದ ಹೆಂಚು ಬುಧವಾರ ಕೂರುತ್ತಿತ್ತು. ವ್ಯಾನು ಹಳ್ಳಿಯಿಂದ ಹೊತ್ತೊಯ್ಯುವುದು ಹತ್ತು ಮಕ್ಕಳನ್ನಲ್ಲ, ಆ ಹತ್ತು ಅಪ್ಪಂದಿರ ಗಂಟಲನ್ನು. ಆಮೇಲೆ ಅದೇ ಅಪ್ಪಂದಿರು ಅರಳಿಕಟ್ಟೆಯ ಮೇಲೆ ಕೂತು ‘ಸರ್ಕಾರಿ ಸ್ಕೂಲು ಕೆಟ್ಟೋಯ್ತು ಕಣಪ್ಪ’ ಎಂದು ನಿಟ್ಟುಸಿರು ಬಿಡುತ್ತಾರೆ.

ವ್ಯಾನಿನ ಬಾಡಿಗೆ ಕೊಡುವವರು ಯಾರು ಎಂದು ವಿಚಾರಿಸಿದರೆ ಇನ್ನೂ ಸ್ವಾರಸ್ಯವಿದೆ. 2023ರ ಆಗಸ್ಟ್‌ನಿಂದ ಸರ್ಕಾರ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ ಕೊಡುತ್ತಿದೆ. ಎಷ್ಟೋ ಮನೆಗಳಲ್ಲಿ ಅದು ನೆಟ್ಟಗೆ ವ್ಯಾನಿನವನ ಕೈಗೆ. ಸಾಲದ್ದಕ್ಕೆ ಸಂಘದ ಸಾಲ, ಚೀಟಿ ದುಡ್ಡು. ತನ್ನ ಶಾಲೆಯಿಂದ ಮಕ್ಕಳನ್ನು ಹೊತ್ತೊಯ್ಯುವ ವ್ಯಾನಿಗೆ ಡೀಸೆಲ್ಲನ್ನೂ ತಾನೇ ಹಾಕಿಸುವ ಸರ್ಕಾರ ಜಗತ್ತಿನಲ್ಲಿ ಇನ್ನೊಂದಿದ್ದರೆ ತೋರಿಸಿ.

ಪೇಟೆಯಲ್ಲಿ ಮನೆ ಮಾಡಿರುವ ಮೇಷ್ಟ್ರು ಬೈಕಿನಲ್ಲಿ ಹಳ್ಳಿ ಶಾಲೆಗೆ ಹೊರಟಿರುತ್ತಾರೆ. ಎದುರಿನಿಂದ ಅದೇ ಹಳ್ಳಿಯ ಮಕ್ಕಳು ವ್ಯಾನಿನಲ್ಲಿ ಪೇಟೆಗೆ ಹೊರಟಿರುತ್ತಾರೆ. ದಿನಾ ಅರ್ಧ ದಾರಿಯಲ್ಲಿ ಗುರುಶಿಷ್ಯರ ಭೇಟಿ, ಮಕ್ಕಳು ಕೈಬೀಸುತ್ತಾರೆ. ಮೇ ಕೊನೆಯಲ್ಲಿ ಅದೇ ಮೇಷ್ಟ್ರು ದಾಖಲಾತಿ ಆಂದೋಲನದ ಬ್ಯಾನರು ಹಿಡಿದು ಬರುತ್ತಾರೆ: ಉಚಿತ ಪುಸ್ತಕ, ಉಚಿತ ಸಮವಸ್ತ್ರ, ಶೂ, ಹಾಲು, ಬಿಸಿಯೂಟ, ಮೊಟ್ಟೆ. ಜಗುಲಿಯ ಅಜ್ಜಿಯೊಬ್ಬಳು ಎಲ್ಲ ಕೇಳಿಸಿಕೊಂಡು, ‘ಅದೆಲ್ಲಾ ಸರಿ ಮೇಷ್ಟ್ರೇ, ನಿಮ್ ಹುಡ್ಗೀನ ಎಲ್ಲಿಗಾಕಿದೀರಾ?’ ಎಂದುಬಿಟ್ಟರೆ ಮೆರವಣಿಗೆ ಮುಂದಿನ ಬೀದಿಗೆ ಹೋಗುತ್ತದೆ.

ಮೇಷ್ಟ್ರನ್ನು ಮಾತ್ರ ಯಾಕೆ ಹಿಡಿಯಬೇಕು? ಬೀರಸಂದ್ರದ ಜಿಲ್ಲಾಡಳಿತ ಭವನದ ಪಾರ್ಕಿಂಗಿನಲ್ಲಿ ನಿಂತ ಕಾರುಗಳ ಗಾಜಿನ ಮೇಲೆ ಯಾವ ಯಾವ ಶಾಲೆಯ ಸ್ಟಿಕ್ಕರಿದೆ, ನೋಡಿಕೊಂಡು ಬನ್ನಿ. ಕನ್ನಡ ಮಾಧ್ಯಮಕ್ಕಾಗಿ ನವೆಂಬರಿನಲ್ಲಿ ಗಂಟಲು ಹರಿದುಕೊಳ್ಳುವವರ ಮೊಮ್ಮಕ್ಕಳೂ ಆ ಸ್ಟಿಕ್ಕರಿನ ಬಳಗದವರೇ.

ಖಾಸಗಿ ಎಂದರೆಲ್ಲ ಅಂಗಡಿಯೇನಲ್ಲ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ನಿಜ. ತುಮಕೂರಿನ ಸಿದ್ಧಗಂಗಾ ಮಠವೂ ಖಾಸಗಿಯೇ, ಸಾವಿರಾರು ಬಡ ಮಕ್ಕಳಿಗೆ ಅನ್ನ, ಹಾಸಿಗೆ, ಅಕ್ಷರ ಮೂರನ್ನೂ ಕೊಟ್ಟಿತು. ಆದರೆ ಆ ಹೆಸರನ್ನು ಎತ್ತುವವರು ಅರ್ಜಿ ಫಾರಂಗೂ ದುಡ್ಡು ಇಸಿದುಕೊಳ್ಳುವವರೇ ಆಗಿರುತ್ತಾರೆ ಎಂಬುದೊಂದು ವಿಚಿತ್ರ. ಇನ್ನು ವ್ಯಾನು ಹತ್ತಿಸುವ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಐದು ತರಗತಿಗೆ ಇಬ್ಬರೇ ಮೇಷ್ಟ್ರು, ಅವರಲ್ಲೊಬ್ಬರು ಗಣತಿಗೋ ಚುನಾವಣೆ ಡ್ಯೂಟಿಗೋ ಹೋಗಿರುವಾಗ ಆಕೆ ಇನ್ನೇನು ಮಾಡಬೇಕು?

ಬ್ರಿಟನ್ 2025ರ ಜನವರಿಯಿಂದ ಖಾಸಗಿ ಶಾಲೆಗಳ ಫೀಸಿನ ಮೇಲೆ ಶೇ 20 ತೆರಿಗೆ ಹಾಕಿದೆ, ಬಂದ ಹಣ ಸರ್ಕಾರಿ ಶಾಲೆಗಳಿಗೆ ಎಂದಿದೆ. ನಮ್ಮಲ್ಲಿ ಶಾಲಾ ಫೀಸಿಗೆ ಜಿಎಸ್‌ಟಿ ಇಲ್ಲ, ಸೇವೆಗೆ ಯಾರಾದರೂ ತೆರಿಗೆ ಹಾಕುತ್ತಾರೆಯೇ? ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಓದಲಿ ಎಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು. ಅದು ಈಗ ಬಿ.ಇಡಿ. ಪರೀಕ್ಷೆಯ ಪ್ರಶ್ನೆಯಾಗಿ ನೆಮ್ಮದಿಯಾಗಿದೆ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಇನ್ನೂ ಸರಳ ಔಷಧ ಬರೆದುಕೊಟ್ಟಿತ್ತು: ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಂಗದವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು, ಇಲ್ಲವಾದರೆ ಖಾಸಗಿ ಶಾಲೆಗೆ ಕಟ್ಟುವ ಫೀಸಿನಷ್ಟನ್ನು ಸರ್ಕಾರಕ್ಕೂ ಕಟ್ಟಬೇಕು. ಉತ್ತರ ಪ್ರದೇಶ ಅದನ್ನು ಜಾರಿ ಮಾಡಲಿಲ್ಲ. ಎಲ್ಲದಕ್ಕೂ ಉತ್ತರ ಪ್ರದೇಶವನ್ನು ಆಡಿಕೊಳ್ಳುವ ನಾವು ಈ ಒಂದು ವಿಷಯದಲ್ಲಿ ಅದನ್ನು ಗೌರವದಿಂದ ಅನುಸರಿಸುತ್ತಿದ್ದೇವೆ.

ನಮ್ಮ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಎಂದಾದರೊಂದು ದಿನ ಯಾವುದಾದರೊಂದು ಚುನಾವಣೆ ಬಂದೇ ಬರುತ್ತದೆ, ಕೈಮುಗಿದುಕೊಂಡು ಒಬ್ಬರು ನಿಮ್ಮ ಬಾಗಿಲಿಗೂ ಬರುತ್ತಾರೆ. ರಸ್ತೆ, ಚರಂಡಿ, ಬೀದಿದೀಪದ ಮಾತು ಆಮೇಲಾಗಲಿ. ಅವರ ಮಕ್ಕಳು, ಮೊಮ್ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ಮೊದಲು ಕೇಳಿ. ಉತ್ತರ ಬರುವ ತನಕ ಹಾರ ನಿಮ್ಮ ಕೈಯಲ್ಲೇ ಇರಲಿ.